ಗ್ವಾಕ ಕಂಪನಿ ಮೊಳೆ

ಬೆಳಿಗ್ಗೆ ಮಗಳು ಫೋನಿನಲ್ಲಿ ಆಡಿದ ಮಾತಿನಲ್ಲಿ ಬಡಗಿಯ ಕಿವಿಗೆ ಬಿದ್ದದ್ದು ಇಷ್ಟು: ಸಂಜೆ, ಮಗು, ಗ್ವಾಕ, ಮೊಳೆ, ಬೆಣ್ಣೆ, ಹಣ್ಣು, ಕಪ್ಪಗೆ, ಮೆತ್ತಗೆ, ಅಮುಕಿ ನೋಡು. ನಡುವೆ ಇದ್ದದ್ದೆಲ್ಲ ಜರಡಿಯಲ್ಲಿ ಹಿಟ್ಟು ಇಳಿದಂತೆ ಇಳಿದುಹೋಯಿತು. ಮೇಲೆ ನಿಂತ ತರಿ ಮಾತ್ರ ಅವನ ಪಾಲಿಗೆ ಉಳಿಯಿತು. ಅವಳು ಉಸಿರು ತೆಗೆದುಕೊಂಡಲ್ಲೆಲ್ಲ ಅವನು “ಆಯ್ತು” ಅಂದ. ಕೊನೆಗೆ ಅವಳ ದನಿ ಸ್ವಲ್ಪ ಮೇಲಕ್ಕೆ ಹೋಯಿತು. ಏನೋ ಪ್ರಶ್ನೆ ಇರಬೇಕು ಅಂದುಕೊಂಡು ಅದಕ್ಕೂ “ಆಯ್ತು ಕಣಮ್ಮಾ” ಅಂದು ಫೋನು ಇಟ್ಟ.

ಅವನು ಕೆಲಸ ಮಾಡಿ ಬಿಟ್ಟುಬಂದ ಮರದ ಕಾರ್ಖಾನೆಯಲ್ಲಿ ಅವನಿಗೆ ಆಯ್ತಪ್ಪ ಎಂದೇ ಹೆಸರು. ಗರಗಸದ ಮಷೀನಿನ ಪಕ್ಕದಲ್ಲಿ ನಿಂತೂ ನಿಂತೂ ಅವನ ಕಿವಿ ಯಾರಿಗೂ ಹೇಳದೆ ಮೆಲ್ಲಗೆ ಹಿಂದೆ ಸರಿದಿತ್ತು. ಕಾರ್ಖಾನೆಯಲ್ಲಿ ಅದೊಂದು ತೊಂದರೆಯೇ ಅಲ್ಲ. ಅಲ್ಲಿ ಎಲ್ಲರದೂ ಅರ್ಧ ಕಿವಿ. ಅದಕ್ಕೇ ಅಲ್ಲೊಂದು ಕಟ್ಟುಪಾಡಿತ್ತು: ಒಬ್ಬ ಅಳತೆ ಕೂಗಿದರೆ ಇನ್ನೊಬ್ಬ ಅದನ್ನೇ ತಿರುಗಿ ಕೂಗಬೇಕು, ಆಮೇಲೆ ಗರಗಸ. “ಎರಡೂವರೆ ಅಡಿ!” “ಎರಡೂವರೆ ಅಡಿ!” ಹಾಗೆ ಕೂಗಲು ಅಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ಹೊರಗಿನ ಜಗತ್ತಿನಲ್ಲಿ ಮಾತ್ರ ಅವನಿಗೆ ನಾಚಿಕೆ. ಹೊರಗೆ ಅವನು ನಗುತ್ತ ಆಯ್ತು ಅನ್ನುತ್ತಿದ್ದ, ಅಷ್ಟೆ.

ಮನೆಯಲ್ಲಂತೂ ಅವನ ಕಿವಿ ಇದ್ದದ್ದು ಹೆಂಡತಿಯ ಬಾಯಲ್ಲಿ. ಯಾರು ಏನೇ ಹೇಳಲಿ, ಅವಳು ಅದನ್ನು ಅವನ ಮುಖದೆದುರು ಬಂದು ಇನ್ನೊಂದು ಸಲ ಹೇಳುವಳು, ತನ್ನದೇ ಮಾತೇನೋ ಎಂಬಂತೆ. ಮಗಳಿಗೆ ಇದರ ಗುಟ್ಟು ಗೊತ್ತಿರಲಿಲ್ಲ. ಅಮ್ಮನಿಗೆ ಹೇಳಿದ್ದನ್ನೇ ಹೇಳುವ ಚಟ ಎಂದುಕೊಂಡಿದ್ದಳು. ಆದರೆ ಆ ಹೆಂಡತಿ ಇವತ್ತು ಮನೆಯಲ್ಲಿರಲಿಲ್ಲ. ತಂಗಿಯ ಕಣ್ಣಿನ ಆಪರೇಷನ್ನಿಗೆಂದು ಬೆಳಿಗ್ಗೆ ಬೇಗನೆ ಹೊರಟಿದ್ದಳು. ಹೊರಡುವಾಗ ಚಪ್ಪಲಿ ಮೆಟ್ಟಿದವಳು ಮತ್ತೆ ಒಳಗೆ ಬಂದು ಅವನ ಎದುರು ನಿಂತಳು.

“ರೀ, ಇಲ್ಲಿ ನೋಡಿ. ಇವತ್ತು ಮಗಳು ಸುಮ್ಮನೆ ಬರ್ತಿಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದಾಳೆ.”

“ನನ್ನನ್ನೇನು ನೋಡೋದು? ಹುಟ್ಟಿದಾಗಿಂದ ನೋಡಿದ್ದಾಳೆ.”

“ಕೆಲಸಕ್ಕೆ ವಾಪಸ್ ಹೋಗ್ತಾಳಲ್ಲ, ಬೆಳಗಿನ ಹೊತ್ತು ನಾನೂ ಹೊಲಿಗೆ ಕೆಲಸಕ್ಕೆ ಹೋಗಿರ್ತೀನಿ. ಮಗುನ ನಿಮ್ಮೊಬ್ಬರ ಕೈಲಿ ಬಿಡಬಹುದಾ ಅಂತ ನೋಡೋಕೆ. ನೀವು ಓತಿಕ್ಯಾತನ ಹಾಗೆ ತಲೆ ಆಡಿಸ್ತಾ ಕೂತ್ರೆ ಮುಗೀತು. ಕೇಳಿಸ್ತಿಲ್ಲ ಅಂತ ಬಾಯಿಬಿಟ್ಟು ಹೇಳಿಬಿಡಿ.”

“ಹೇಳಿದ್ರೆ ಬಿಡ್ತಾಳೇನೇ? ಕಿವುಡನ ಹತ್ರ ಯಾರು ಮಗು ಬಿಡ್ತಾರೆ? ಅತ್ರೂ ಕೇಳಿಸಲ್ಲ ಅಂತ ಅಂದ್ಕೊಳ್ತಾಳೆ.”

“ಅತ್ರೆ ಕೇಳಿಸುತ್ತಾ ನಿಮಗೆ?”

ಈ ಮಾತು ಅವನಿಗೆ ಕೇಳಿಸಿತೋ ಇಲ್ಲವೋ, “ಆಯ್ತು, ಬಸ್ಸಿಗೆ ಹೊತ್ತಾಯ್ತು” ಅಂದ.

ಮೊಮ್ಮಗಳಿಗೆ ಆಗಷ್ಟೇ ನಡೆಯಲು ಬರುತ್ತಿತ್ತು. ಬಂದಾಗಲೆಲ್ಲ ಅವನ ಕೆಲಸದ ಕೋಣೆಯ ಹೊಸ್ತಿಲಲ್ಲಿ ಕೂತು ಮರದ ಸುರುಳಿಗಳನ್ನು ತಲೆಗೆ ಸಿಕ್ಕಿಸಿಕೊಂಡು “ತಾತ” ಎನ್ನುವುದು. ಅದು ಬಾಯಿ ತೆರೆದರೆ ಸಾಕು, ಆ ಮಾತು ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ಆ ಮಗು ದಿನಾ ಬೆಳಿಗ್ಗೆ ತನ್ನ ಹತ್ತಿರ ಇರುವುದೆಂದರೆ! ಅದಕ್ಕಾಗಿ ಅವನು ಕೆಲಸದ ಕೋಣೆಗೆ ಆಗಲೇ ಅಡ್ಡಬಾಗಿಲು ಮಾಡಿ, ಉಳಿ ಗರಗಸಗಳನ್ನೆಲ್ಲ ಮೇಲಿನ ಹಲಗೆಗೆ ಏರಿಸಿ ಕೂತಿದ್ದ. ಇವತ್ತು ಒಂದು ತಪ್ಪೂ ಆಗಕೂಡದು.

ಹಾಗಾಗಿ ಫೋನಿನ ತರಿಯನ್ನು ಮುಂದಿಟ್ಟುಕೊಂಡು ಯೋಚಿಸತೊಡಗಿದ. ಮೆಸೇಜು ಮಾಡಿ ಮತ್ತೊಮ್ಮೆ ಕೇಳಬಹುದಿತ್ತು. ಆದರೆ ಕೇಳುವುದೆಂದರೆ ಕೇಳಿಸಲಿಲ್ಲ ಎಂದು ಒಪ್ಪಿದಂತೆಯೇ. ಮೊಳೆ ಎಂದರೆ ಬಡಗಿಗೆ ಇನ್ನೇನು ಅರ್ಥ? ಮಗುವಿಗೆ ತೊಟ್ಟಿಲೋ ಕುರ್ಚಿಯೋ ಏನೋ ರಿಪೇರಿ ಇರಬೇಕು. ಗ್ವಾಕ ಎನ್ನುವುದು ಕಂಪನಿಯ ಹೆಸರಿರಬೇಕು. ಈಗೀಗ ಬರುವ ಕಂಪನಿಗಳಿಗೆಲ್ಲ ಇಂಥವೇ ಹೆಸರು. ಬೆಣ್ಣೆ? ಅದಕ್ಕೂ ಉತ್ತರ ಹೊಳೆಯಿತು. ಗಟ್ಟಿ ಮರಕ್ಕೆ ಮೊಳೆ ಹೊಡೆಯುವಾಗ ಮರ ಸೀಳಬಾರದೆಂದು ಸೋಪು ಸವರುವುದುಂಟು. ಮಗುವಿನ ಸಾಮಾನಲ್ಲವೇ, ಸೋಪಿನ ಬದಲು ಬೆಣ್ಣೆ. ಭಲೇ ಮಗಳೇ! ಹಣ್ಣು ಮಗುವಿಗೆ ತಿನ್ನಲು. ಕಪ್ಪಗೆ ಅಂದರೆ ಕಪ್ಪು ಮೊಳೆ. ಎಲ್ಲ ಕೂಡಿಬಂತು. ಮೆತ್ತಗೆ ಎನ್ನುವುದೊಂದು ಮಾತ್ರ ಯಾವ ಕಡೆಯಿಂದ ಕೂರಿಸಿದರೂ ಕೂರಲಿಲ್ಲ. ಮೆತ್ತಗಿರುವ ಮೊಳೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಮೊಳೆ ಅಂಗಡಿಗೆ ಹೋದ. ಆ ಅಂಗಡಿಯವನಿಗೆ ಎರಡು ಗುಣ. ಒಂದು, ಗಂಟಲು, ರಸ್ತೆಯ ಆಚೆಗೂ ಕೇಳಿಸುವಂಥದ್ದು, ಹಾಗಾಗಿ ಮನೆಯ ಹೊರಗೆ ಬಡಗಿಗೆ ಪೂರ್ತಿ ಅರ್ಥವಾಗುತ್ತಿದ್ದ ಮನುಷ್ಯ ಅವನೊಬ್ಬನೇ. ಇನ್ನೊಂದು, ಅವನ ಬಾಯಲ್ಲಿ ‘ಇಲ್ಲ’ ಎನ್ನುವ ಶಬ್ದವೇ ಇರಲಿಲ್ಲ. ಸಾಮಾನು ಇರಬೇಕು, ಇಲ್ಲವೆಂದರೆ ನಾಳೆ ಬರಬೇಕು.

“ಬನ್ನಿ ಮೇಸ್ತ್ರಿ! ಏನು ಬೇಕು?”

“ಗ್ವಾಕ ಮೊಳೆ ಇದ್ಯಾ?”

ಅಂಗಡಿಯವನ ಕಣ್ಣು ಒಂದು ಗಳಿಗೆ ಮಾಡಿನ ಕಡೆ ಹೋಗಿ ಬಂತು. “ಗ್ವಾಕಾನಾ? ಹೋದ ವಾರ ಕೇಳಬಾರದಿತ್ತಾ! ಖಾಲಿ ಆಗೋಯ್ತು. ಸೋಮವಾರ ಬರುತ್ತೆ.”

ಹಾಗಾದರೆ ಅಂಥದ್ದೊಂದು ಇದೆ! ಬಡಗಿಯ ಎದೆ ಹಗುರಾಯಿತು. “ಅದು ಕಪ್ಪಗಿರುತ್ತಾ?”

“ಕಪ್ಪಗೇ.”

“ಮೆತ್ತಗೆ?”

“ಮೆತ್ತಗೆ... ಅಂದ್ರೆ, ಮೆತ್ತಗೇನೇ. ಆದ್ರೆ ಗಟ್ಟಿ.”

“ಬೆರಳಲ್ಲಿ ಅಮುಕಿದ್ರೆ ಒಳಗೆ ಹೋಗ್ಬೇಕಂತೆ.”

“ಮತ್ತೆ? ಒಳ್ಳೆ ಕಂಪನಿ ಮೊಳೆ ಅಂದ್ರೆ ಸುಮ್ನೇನಾ? ಸುತ್ತಿಗೇನೇ ಬೇಡ.”

ಬಣ್ಣದ ಡಬ್ಬ ಕೊಳ್ಳಲು ಬಂದು ನಿಂತಿದ್ದ ಪೇಂಟರ್ ಕಿಸಕ್ಕನೆ ನಕ್ಕ. “ಹಂಗಾದ್ರೆ ನಂಗೂ ಆ ಕಂಪನೀದೇ ಒಂದು ಬ್ರಷ್ ಕೊಡಪ್ಪ. ಗೋಡೆಗೆ ತೋರಿಸಿದ್ರೆ ಸಾಕು, ಬಣ್ಣ ಹತ್ಕೋಬೇಕು!”

ಅವನು ನಕ್ಕದ್ದು ಕಂಡಿತು, ಮಾತು ಕೇಳಿಸಲಿಲ್ಲ. ಬಡಗಿಯೂ ನಕ್ಕು ಆಯ್ತು ಅಂದ. ಸದ್ಯಕ್ಕೆ ಇರಲಿ ಎಂದು ಸಣ್ಣ ತಲೆಯ ಕಪ್ಪು ಮೊಳೆ ಒಂದು ಪೊಟ್ಟಣ ಕಟ್ಟಿಸಿಕೊಂಡು ಹೊರಟ. ಪಕ್ಕದ ಹಾಲಿನ ಅಂಗಡಿಯಲ್ಲಿ ಬೆಣ್ಣೆ ಸಿಕ್ಕಿತು. ರಸ್ತೆಯ ತಿರುವಿನಲ್ಲಿ ಹಣ್ಣಿನ ಗಾಡಿಯವಳು ತಳ್ಳುಗಾಡಿಗೆ ಕೊಡೆ ಕಟ್ಟಿಕೊಂಡು ನಿಂತಿದ್ದಳು. ಗಾಡಿಯ ಒಂದು ತುದಿಯಲ್ಲಿ ಬಾಳೆ, ನಡುವೆ ಸೇಬು, ಈಚೆ ತುದಿಯಲ್ಲಿ ಕಪ್ಪುಹಸಿರು ಬಣ್ಣದ ಒರಟು ತೊಗಲಿನ ಹಣ್ಣುಗಳ ಗುಡ್ಡೆ. ಇವನು ಅವುಗಳ ಮೇಲೇ ಕೈಯೂರಿ ನಿಂತ.

“ಹಣ್ಣು ಕೊಡು ತಾಯಿ. ಮಗುವಿಗೆ.”

“ಯಾವುದು ಅಣ್ಣಾ? ಬೆಣ್ಣೆಹಣ್ಣು ಕೊಡ್ಲಾ? ಮಗುವಿಗೆ ಒಳ್ಳೇದು.”

ಅವನಿಗೆ ‘ಬೆಣ್ಣೆ’ ಎಂಬ ಮೊದಲರ್ಧ ಮಾತ್ರ ಕೇಳಿಸಿತು. ಕೈಚೀಲದಿಂದ ಬೆಣ್ಣೆಯ ಪೊಟ್ಟಣ ಎತ್ತಿ ತೋರಿಸಿದ. “ಬೆಣ್ಣೆ ಆಯ್ತಮ್ಮಾ. ಹಣ್ಣು ಮಾತ್ರ ಕೊಡು. ಮೆತ್ತಗಿರಲಿ.”

ಅವಳು ಬೆಣ್ಣೆಯನ್ನೂ ಅವನನ್ನೂ ನೋಡಿದಳು. ಬಿಸಿಲಿಗೆ ಬಂದ ಮನುಷ್ಯ, ವಾದ ಯಾಕೆ ಎಂದು ಬಾಳೆಹಣ್ಣಿನ ಒಂದು ಚಿಪ್ಪು ಕಿತ್ತುಕೊಟ್ಟಳು.

ಮನೆಗೆ ಬಂದು ಎಲ್ಲವನ್ನೂ ಅಡುಗೆಮನೆಯ ಮೇಜಿನ ಮೇಲೆ ಚೆಂದವಾಗಿ ಹೊಂದಿಸಿದ. ಬೆಣ್ಣೆ ತಟ್ಟೆಯಲ್ಲಿ, ಬಾಳೆಹಣ್ಣು ಅದರ ಪಕ್ಕ. ಮೊಳೆಗೆ ಎಣ್ಣೆ ಜಿಡ್ಡು ಇತ್ತು. ಮಗುವಿನ ಸಾಮಾನಿಗಲ್ಲವೇ ಎಂದು ತೊಳೆದು, ಬಟ್ಟೆಯಲ್ಲಿ ಒರೆಸಿ, ಮೊಮ್ಮಗಳ ಬಟ್ಟಲಲ್ಲೇ ಹಾಕಿಟ್ಟ. ಆಮೇಲೆ ಬೀದಿಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಕೂತ. ಬೆಲ್ಲು ಕೇಳಿಸದವರು ಹಾಗೆ ಕೂರಲೇಬೇಕು.

ಮಗಳು ಬಂದಳು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಅಲ್ಲಿ ಎಲ್ಲರ ಬಾಯಿ ತೆರೆಸಿ ತೆರೆಸಿ ಅವಳಿಗೇ ಕಡಿಮೆ ಮಾತಾಡಿ ರೂಢಿ. ಸೊಂಟದ ಮೇಲಿನ ಮಗುವನ್ನು ಇಳಿಸಿ, ಚೀಲದಿಂದ ಈರುಳ್ಳಿ, ನಿಂಬೆ, ಕೊತ್ತಂಬರಿ, ಒಂದು ಟೊಮೇಟೊ, ಬ್ರೆಡ್ಡು ತೆಗೆಯುತ್ತ ಅಡುಗೆಮನೆಗೆ ನಡೆದಳು. ಬೆನ್ನು ಇತ್ತ ಇದ್ದುದರಿಂದ ಅವಳು ಏನಂದಳೋ ಅವನಿಗೆ ತಿಳಿಯಲಿಲ್ಲ. ‘ಹಣ್ಣು’ ಒಂದು ಕೇಳಿಸಿತು.

“ಎಲ್ಲ ತಂದಿಟ್ಟಿದ್ದೀನಿ ನೋಡಮ್ಮಾ!” ಎಂದು ಹೆಮ್ಮೆಯಿಂದ ಮೇಜು ತೋರಿಸಿದ.

ಅವಳು ನೋಡಿದಳು. ಬಾಳೆಹಣ್ಣಿನಿಂದ ಬೆಣ್ಣೆಗೆ, ಬೆಣ್ಣೆಯಿಂದ ಬಟ್ಟಲಿಗೆ. “ಅಪ್ಪಾ... ಇದೇನಿದು?”

“ಮೊಳೆ. ತೊಳೆದು ಒರೆಸಿದ್ದೀನಿ.”

ಅವಳು ಬಟ್ಟಲನ್ನು ತಟಕ್ಕನೆ ಎತ್ತಿ ಅತಿ ಮೇಲಿನ ಗೂಡಿನಲ್ಲಿಟ್ಟಳು. ಮೊಳೆ ಸರಿಯಿಲ್ಲವೇ? ಬೇರೆ ಕಂಪನಿಯದು ಎಂದು ಸಿಟ್ಟೇ? ಅವನಿಗೆ ಒಂದೂ ಬಗೆಹರಿಯಲಿಲ್ಲ. ಅವಳು ಕುರ್ಚಿ ಎಳೆದು ಅವನನ್ನು ಕೂರಿಸಿದಳು, ಕೈ ಹಿಡಿದಳು, ರೋಗಿಗಳ ಜೊತೆ ಮಾತಾಡುವಂತೆ ದನಿ ತಗ್ಗಿಸಿ ಕೇಳಿದಳು:

“ಅಪ್ಪಾ, ಇವತ್ತು ಯಾವ ವಾರ?”

ತಗ್ಗಿದ ದನಿಯಲ್ಲಿ ‘ಯಾವ ವಾರ’ ಎನ್ನುವುದು ಅವನಿಗೆ ‘ಯಾವ ಆಹಾರ’ ಆಯಿತು. ಮಗುವಿನ ಊಟದ ವಿಚಾರ ಪರೀಕ್ಷೆ ಮಾಡುತ್ತಿದ್ದಾಳೆ! ಇದಕ್ಕೆ ಅವನು ತಯಾರಿದ್ದ.

“ಬಾಳೆಹಣ್ಣು,” ಅಂದ. “ಬೇಕಾದ್ರೆ ಒಂಚೂರು ಬೆಣ್ಣೆ.”

ಅವಳ ಕಣ್ಣು ತುಂಬಿತು. “ನಾನು ಯಾರು ಗೊತ್ತಾಗ್ತಿದ್ಯಾ?” ಎಂದು ಇನ್ನೂ ಮೆಲ್ಲಗೆ ಕೇಳಿದಳು.

‘ಯಾರು’ ಎಂದು ಕೇಳಿಸಿತು. ಮಗು ಯಾರ ಹಾಗಿದೆ ಎಂದಿರಬೇಕು. “ಥೇಟ್ ನಿಮ್ಮಮ್ಮ!” ಎಂದು ಅವನು ನಕ್ಕ.

ಮಗಳು ಎದ್ದು ಕಿಟಕಿಯ ಹತ್ತಿರ ಹೋಗಿ ಅಮ್ಮನಿಗೆ ಫೋನು ಹಚ್ಚಿದಳು. ಅತ್ತ ಕಡೆ ಯಾರೂ ಎತ್ತುವಂತೆ ಕಾಣಲಿಲ್ಲ. ಅವಳು ಫೋನು ಕಿವಿಗಿಟ್ಟುಕೊಂಡೇ ತನ್ನಷ್ಟಕ್ಕೆ ಏನೋ ಹೇಳಿಕೊಂಡಳು. ಬೆಳಕು ಅವಳ ಮುಖದ ಮೇಲಿತ್ತು. ಕಿವಿ ಹೋದ ಮೇಲೆ ಬಡಗಿ ತುಟಿ ನೋಡಿ ಒಂದೆರಡು ಮಾತು ಹಿಡಿಯುವುದನ್ನು ಕಲಿತಿದ್ದ. ಈ ಮಾತು ಉದ್ದವಾಗಿತ್ತು, ತುಟಿ ನಡುವೆ ಒಂದೇ ಒಂದು ಸಲ ಕೂಡಿ ಬಿಟ್ಟಿತು. ಅರಳುಮರಳು.

ಕಿವುಡ ಎನ್ನಿಸಿಕೊಳ್ಳಬಾರದೆಂದು ಬಚ್ಚಿಟ್ಟುಕೊಂಡು ಬಂದದ್ದು, ಈಗ ನೋಡಿದರೆ ಮಗಳ ಕಣ್ಣಿನಲ್ಲಿ ತಲೆಯೇ ಕೆಟ್ಟವನು! ತಾನೇನು ತಪ್ಪು ಮಾಡಿದೆ? ಹೇಳಿದ್ದನ್ನೆಲ್ಲ ತಂದಿದ್ದೇನೆ. ಇಲ್ಲ, ತನ್ನ ಬುದ್ಧಿ ಸರಿಯಾಗಿದೆ ಎಂದು ಈಗಲೇ ತೋರಿಸಬೇಕು. ಎದ್ದು ನಿಂತು, ಲೆಕ್ಕ ಒಪ್ಪಿಸುವವನಂತೆ ಸ್ಪಷ್ಟವಾಗಿ ಹೇಳಿದ:

“ನೋಡಮ್ಮಾ, ನನಗೆ ಎಲ್ಲ ನೆನಪಿದೆ. ಗ್ವಾಕ ಕಂಪನಿ ಮೊಳೆ ಸ್ಟಾಕ್ ಇಲ್ಲ. ಸೋಮವಾರ ಬರುತ್ತಂತೆ. ಅಂಗಡಿಯವನೇ ಹೇಳ್ದ.”

ಮಗಳು ಫೋನು ಇಳಿಸಿದಳು. “ಏನು ಮೊಳೆ?”

“ಗ್ವಾಕ ಮೊಳೆ. ಬೆಳಿಗ್ಗೆ ನೀನೇ ಹೇಳಿದ್ದಲ್ಲ!”

“ಗ್ವಾಕ... ಮೊಳೆ.” ಅವಳ ತುಟಿ ಅದನ್ನು ಒಡೆದು ಒಂದು ಸಲ ಹೇಳಿತು, ಕೂಡಿಸಿ ಒಂದು ಸಲ ಹೇಳಿತು. “ಗ್ವಾಕಮೋಲೆ! ಅಯ್ಯೋ ಅಪ್ಪಾ, ಬೆಣ್ಣೆಹಣ್ಣು ಅರೆದು ಮಾಡ್ತಾರಲ್ಲ, ಅದು! ಮಗು ತಿನ್ನೋದೇ ಅದೊಂದನ್ನ!” ಎಂದು ನಕ್ಕಳು. ನಗುನಗುತ್ತ ಗೋಡೆಗೆ ಒರಗಿದಳು, ಒರಗಿದವಳಿಗೆ ಅಳುವೂ ಬಂತು. ಬಡಗಿ ಯಾವುದಕ್ಕೆ ಜೊತೆಯಾಗಬೇಕೋ ತಿಳಿಯದೆ ಎರಡಕ್ಕೂ ಸಲ್ಲುವಂತೆ ಮುಖ ಮಾಡಿ ನಿಂತ.

ಅವಳ ಅಳು ನಿಂತಿತು. ಅವನನ್ನೇ ನೋಡಿದಳು. ಹೇಳಿದ್ದನ್ನೇ ಹೇಳುವ ಅಮ್ಮ ನೆನಪಾಗಿರಬೇಕು, ಬಾಗಿಲು ತೆರೆದೇ ಕೂರುವ ಅಪ್ಪ ನೆನಪಾಗಿರಬೇಕು. ಕ್ಲಿನಿಕ್ಕಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವವಳಲ್ಲವೇ, ಹಾಗೆಯೇ ತುಟಿ ಕಾಣದಂತೆ ಬಾಯಿಗೆ ಅಂಗೈ ಅಡ್ಡ ಹಿಡಿದು, ಮಾಮೂಲಿ ದನಿಯಲ್ಲಿ ಕೇಳಿದಳು:

“ಅಪ್ಪಾ, ನಿನಗೆ ಕಿವಿ ಕೇಳಿಸಲ್ವಾ?”

ಅವನು ನಕ್ಕು, “ಆಯ್ತು” ಅಂದ.

ಆ ಆಯ್ತು ಅಡುಗೆಮನೆಯಲ್ಲಿ ಹಾಗೇ ನಿಂತಿತು. ಅವಳು ಕೈ ತೆಗೆದಳು. ಹತ್ತಿರ ಬಂದು, ಒಂದೊಂದೇ ಶಬ್ದ ಬಿಡಿಸಿ ಅದನ್ನೇ ಮತ್ತೆ ಕೇಳಿದಳು. ಈ ಸಲ ಅವನಿಗೆ ಪೂರ್ತಿ ಅರ್ಥವಾಯಿತು. ಅರ್ಥವಾದದ್ದು ಕಷ್ಟವಾಯಿತು. ಇನ್ನೊಂದು ಆಯ್ತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಇಲ್ಲ,” ಅಂದ. “ಕೇಳಿಸಲ್ಲ ಕಣಮ್ಮಾ. ಎದುರು ನಿಂತು ಹೇಳಿದ್ರೆ ಅಷ್ಟಿಷ್ಟು. ಫೋನಲ್ಲಿ ಕಾಲುಭಾಗ. ಮಗು ಒಳಕೋಣೇಲಿ ಅತ್ರೆ...” ಬೆಳಿಗ್ಗೆ ಹೆಂಡತಿ ಕೇಳಿದ್ದ ಪ್ರಶ್ನೆ ಅದು. ಅವನಿಗೆ ಕೇಳಿಸಿತ್ತು. “ಅದೂ ಕೇಳಿಸಲ್ಲ. ಕರ್ಕೊಂಡು ಬರಬೇಡ ಬಿಡು.”

ಆಗ ಅವನ ಕಣ್ಣು ಮಗಳ ಭುಜದ ಮೇಲಿಂದ ಹಾದು ಮೇಜಿನ ಕೆಳಗೆ ಹೋಯಿತು. ಬೆಣ್ಣೆಯ ತಟ್ಟೆ ಅಲ್ಲಿತ್ತು. ಮೊಮ್ಮಗಳು ಸಿಪ್ಪೆ ಸಮೇತ ಬಾಳೆಹಣ್ಣನ್ನು ಬೆಣ್ಣೆಯಲ್ಲಿ ಕಿವುಚಿ, ಅರ್ಧ ಬಾಯಿಗೆ, ಅರ್ಧ ತಲೆಗೆ ಬಳಿದುಕೊಳ್ಳುತ್ತಿತ್ತು. ತಟ್ಟೆ ಕೆಳಗೆ ಬಿದ್ದ ಸದ್ದು ಒಳ್ಳೆಯ ಕಿವಿ ಇದ್ದ ತಾಯಿಗೂ ಕೇಳಿಸಿರಲಿಲ್ಲ. ಬಡಗಿ ದಡಕ್ಕನೆ ಬಗ್ಗಿ ಮಗುವಿನ ಬಾಯಿಂದ ಸಿಪ್ಪೆ ಎಳೆದ. ಬಾಯಿ ದೊಡ್ಡದಾಗಿ ತೆರೆಯಿತು. ಅಳುತ್ತಿದೆ ಎಂದು ಗೊತ್ತಾಯಿತು.

ಮಗುವಿನ ತಲೆ ತೊಳೆದು ಮೂವರೂ ಹಣ್ಣಿನ ಗಾಡಿಗೆ ಹೋದರು. ಬೆಣ್ಣೆಹಣ್ಣು ಎಂದು ಮಗಳು ಕೇಳಿದ ಕೂಡಲೇ ಗಾಡಿಯವಳು ಸೊಂಟಕ್ಕೆ ಕೈ ಕೊಟ್ಟಳು.

“ಮಧ್ಯಾಹ್ನಾನೇ ಕೊಡ್ತೀನಿ ಅಂದೆ ಕಣಕ್ಕಾ. ಅಣ್ಣ ಇದರ ಮೇಲೇ ಕೈ ಊರ್ಕೊಂಡು, ಬೆಣ್ಣೆ ತೋರಿಸಿ ಹೋಗ್ಬಿಟ್ರು!”

ಬಡಗಿ ಒಂದು ಹಣ್ಣು ತೆಗೆದುಕೊಂಡ. ಕಪ್ಪಗಿತ್ತು. ಹೆಬ್ಬೆರಳಿನಿಂದ ಅಮುಕಿದ. ಮೆತ್ತಗೆ ಒಳಗೆ ಹೋಯಿತು. “ಎಲ್ಲ ಸರಿಯಾಗೇ ಹೇಳಿದ್ದೆ ನೀನು,” ಅಂದ.

ಮನೆಗೆ ಬಂದ ಮೇಲೆ ಮಗಳು ಅವನ ಎದುರೇ ಕೂತು ಮಾಡಿಸಿದಳು. ಹಣ್ಣನ್ನು ಸುತ್ತ ಕೊಯ್ದು ತಿರುಚಿದಾಗ ಎರಡು ಹೋಳಾಯಿತು. ಗೋಲಿಯಂಥ ದೊಡ್ಡ ಬೀಜ ಒಂದರಲ್ಲಿ ಉಳಿಯಿತು. ಚಮಚದಲ್ಲಿ ತಿರುಳು ಬಟ್ಟಲಿಗೆ ಇಳಿಸಿದ.

“ಫೋರ್ಕಲ್ಲಿ ಕಿವುಚು. ಪೂರಾ ನುಣ್ಣಗೆ ಬೇಡ,” ಅಂದಳು.

“ಆಯ್ತು.”

ಅವಳು ಅವನ ಕೈ ಹಿಡಿದು ನಿಲ್ಲಿಸಿದಳು. “ನಾನೇನಂದೆ, ಹೇಳು?”

ಬಡಗಿ ತಬ್ಬಿಬ್ಬಾದ. ಆಮೇಲೆ, ಎಷ್ಟೋ ಕಾಲದ ಮೇಲೆ, ಕಾರ್ಖಾನೆಯ ದನಿ ಅವನ ಗಂಟಲಿಗೆ ಬಂತು. “ಪೂರಾ ಬಣ್ಣಗೆ ಬೇಡ!” ಎಂದು ಕೂಗಿದ.

“ನುಣ್ಣಗೆ!”

“ನುಣ್ಣಗೆ ಬೇಡ!”

“ನಿಂಬೆ ಈಗಲೇ ಹಿಂಡು. ತಡ ಮಾಡಿದ್ರೆ ಕಪ್ಪಾಗುತ್ತೆ!”

“ನಿಂಬೆ ಹಿಂಡು, ಕಪ್ಪಾಗುತ್ತೆ!”

“ಉಪ್ಪು ಒಂದು ಚಿಟಿಕೆ! ಈರುಳ್ಳಿ, ಕೊತ್ತಂಬರಿ ನಮಗೆ ಮಾತ್ರ, ಮಗುವಿಗೆ ಬೇಡ!”

“ಈರುಳ್ಳಿ ಮಗುವಿಗೆ ಬೇಡ!”

“ಆಗಾಗ್ಲೇ ಮಾಡ್ಬೇಕು, ಮಾಡಿಡಬಾರದು!”

“ಆಗಾಗ್ಲೇ ಮಾಡ್ಬೇಕು!”

ಪಕ್ಕದ ಮನೆಯವರು ಜಗಳವೆಂದು ತಿಳಿದು ಕಿಟಕಿ ತೆರೆದರು. ಮೊಮ್ಮಗಳು ಬ್ರೆಡ್ಡಿನ ತುದಿ ಬಟ್ಟಲಿಗೆ ಅದ್ದಿ, ನೆಕ್ಕಿ, ಮತ್ತೆ ಅದ್ದಿತು. ಬಡಗಿಯೂ ಒಂದು ಚೂರು ಬಾಯಿಗಿಟ್ಟ. ಇದು ಹುಳಿಯೋ, ಉಪ್ಪೋ, ಹಣ್ಣೋ, ತರಕಾರಿಯೋ? ಅದೂ ಬಗೆಹರಿಯಲಿಲ್ಲ. ಇನ್ನೊಂದು ಚೂರು ತಿಂದು ನೋಡಿದ.

ಹೊರಡುವಾಗ ಮಗಳು ಮಗುವನ್ನು ಬಿಡುವ ವಿಚಾರ ಎತ್ತಲಿಲ್ಲ. ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದಳು, ಅವನು ಅದನ್ನು ತಿರುಗಿ ಹೇಳಿದ. ಅಷ್ಟೇ. ಅವನೂ ಕೇಳಲಿಲ್ಲ.

ಕೆಲವು ವಾರ ಕಳೆದವು. ಒಂದು ಸೋಮವಾರ ಬೆಳಿಗ್ಗೆ ಬಡಗಿ ಮೊಳೆ ಅಂಗಡಿಯ ಮುಂದೆ ನಿಂತಿದ್ದ. ಕಿವಿಯಲ್ಲಿ ಕಡಲೆಬೀಜದಷ್ಟು ದೊಡ್ಡ ಮಷೀನು. ಅದರಿಂದ ಜಗತ್ತಿನ ಚಪ್ಪಲಿ, ಕಾಗದ, ಕೆಮ್ಮು ಎಲ್ಲ ಒಟ್ಟಿಗೆ ಒಳಗೆ ನುಗ್ಗಿ ಅವನು ಮೊದಲಿಗಿಂತ ಹೆಚ್ಚು ಗಲಿಬಿಲಿಯಾಗಿದ್ದ. ಕೈಚೀಲದಲ್ಲಿ ಎರಡು ಬೆಣ್ಣೆಹಣ್ಣು. ಸೊಂಟದ ಮೇಲೆ ಮೊಮ್ಮಗಳು, ಮಧ್ಯಾಹ್ನದವರೆಗೂ ಅವನದೇ.

“ಗ್ವಾಕ ಬಂತಾ?” ಎಂದು ಕೇಳಿದ.

ಅಂಗಡಿಯವನು ಒಂದು ಗಳಿಗೆಯೂ ತಡಮಾಡಲಿಲ್ಲ. “ಅಯ್ಯೋ ಮೇಸ್ತ್ರಿ! ನಿನ್ನೆ ಬಂತು, ನಿನ್ನೇನೇ ಖಾಲಿ!”

ಬಡಗಿ ಮಷೀನನ್ನು ಒಂದು ಸಲ ಮುಟ್ಟಿ ನೋಡಿಕೊಂಡ. “ನಿನ್ನೆ ಬಂತು, ನಿನ್ನೇನೇ ಖಾಲಿ,” ಎಂದು ನಿಧಾನವಾಗಿ ತಿರುಗಿ ಹೇಳಿದ. “ಹಾಗೇ ಅಂದ್ರಾ?”

“ಹಾಗೇ ಅಂದೆ.”

“ಖಾಲಿ,” ಎಂದಿತು ಮಗು.